ಕಾರೂ ನಿಲ್ಲಬೇಕು, ಸಾಮಾನೂ ಹಿಡಿಯಬೇಕು: ಮನೆಯ ಪಾರ್ಕಿಂಗ್ ಜಾಗ ಸರಿಪಡಿಸುವುದು ಹೇಗೆ?

ಬೆಂಗಳೂರಿನ 30X40 ನಿವೇಶನದ ಮನೆಗಳಲ್ಲಿ ಗ್ಯಾರೇಜ್ ಎಂದು ಬೇರೆ ಕೋಣೆ ಇರುವುದು ಅಪರೂಪ. ನೆಲಮಹಡಿಯಲ್ಲಿ ಕಾರು ನಿಲ್ಲುವ ಜಾಗವೇ ಗ್ಯಾರೇಜು. ಅದೇ ಜಾಗದಲ್ಲಿ ನೆಲದಡಿ ಸಂಪು, ಮೂಲೆಯಲ್ಲಿ ಮೋಟರು, ಗೋಡೆಯಲ್ಲಿ ಮೀಟರ್ ಬೋರ್ಡು, ಮೆಟ್ಟಿಲಡಿ ಇನ್ವರ್ಟರ್. ಇವುಗಳ ನಡುವೆ ಮನೆ ಕಟ್ಟಿ ಮುಗಿದಾಗ ಉಳಿದ ಟೈಲ್ಸ್, ಪೇಂಟ್ ಬಕೆಟ್, ಏಣಿ, ಮಕ್ಕಳು ಬಿಟ್ಟ ಸೈಕಲ್ಲು ಬಂದು ಸೇರುತ್ತವೆ. ಸರಿಪಡಿಸಲು ಹೊರಟವರು ಬಹುತೇಕ ಮೊದಲು ಮಾಡುವ ಕೆಲಸ ಅಂಗಡಿಗೆ ಹೋಗಿ ರ‍್ಯಾಕ್ ತರುವುದು. ಅದು ಬಂದಮೇಲೆ ಕಾರಿನ ಬಾಗಿಲು ತೆಗೆಯಲಾಗದು, ಮಳೆಗಾಲಕ್ಕೆ ಗೋಡೆ ಒಸರಿ ಹಿಂಭಾಗ ತುಕ್ಕು ಹಿಡಿಯುತ್ತದೆ. ರ‍್ಯಾಕ್ ಕೊನೆಗೆ ಕೊಳ್ಳುವ ವಸ್ತು.

ಮೊದಲು ಸೀಮೆಸುಣ್ಣ, ಟೇಪು

ಕಾರನ್ನು ದಿನವೂ ನಿಲ್ಲಿಸುವಲ್ಲೇ ನಿಲ್ಲಿಸಿ, ನಾಲ್ಕೂ ಬಾಗಿಲು ಮತ್ತು ಡಿಕ್ಕಿ ತೆರೆದು, ಅವುಗಳ ಅಂಚನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚಿ. ಬಾನೆಟ್ ಎತ್ತಿದಾಗ ಅದರ ತುದಿ ಎಷ್ಟು ಎತ್ತರಕ್ಕೆ ಹೋಗುತ್ತದೆ ಎಂಬುದನ್ನು ಗೋಡೆಯ ಮೇಲೆ ಗುರುತು ಮಾಡಿ. ಗೇಟು ಒಳಕ್ಕೆ ತೆರೆಯುವಂಥದ್ದಾದರೆ ಅದು ಬೀಸುವ ಕಮಾನನ್ನೂ ಬರೆಯಿರಿ. ಸಂಪಿನ ಮುಚ್ಚಳ, ಚರಂಡಿಯ ಚೇಂಬರ್, ಮೋಟರಿನ ಸುತ್ತ ಎರಡೆರಡು ಅಡಿ, ಮೀಟರ್ ಬೋರ್ಡಿನ ಮುಂದೆ ಮೂರು ಅಡಿ ಬಿಟ್ಟು ಗೆರೆ ಎಳೆಯಿರಿ. ಗೆರೆಗಳ ಆಚೆ ಉಳಿದದ್ದಷ್ಟೇ ನಿಮ್ಮ ಸಾಮಾನಿಗೆ ಸಿಗುವ ಜಾಗ.

ಲೆಕ್ಕ ಹೀಗೆ. ಪಾರ್ಕಿಂಗ್ 10 ಅಡಿ ಅಗಲ, 18 ಅಡಿ ಉದ್ದ ಇದೆ ಎಂದುಕೊಳ್ಳಿ. ಸ್ವಿಫ್ಟ್‌ನಂಥ ಕಾರು ಕನ್ನಡಿ ಬಿಟ್ಟು ಸುಮಾರು 68 ಇಂಚು ಅಗಲ, 152 ಇಂಚು ಉದ್ದ. ಅಗಲದಲ್ಲಿ 52 ಇಂಚು ಉಳಿಯಿತು. ಚಾಲಕ ಇಳಿಯುವ ಬಲಬದಿಗೆ 30 ಇಂಚು ಬೇಕೇ ಬೇಕು. ಎಡಕ್ಕೆ 22 ಇಂಚು. ಅಲ್ಲಿ 12 ಇಂಚು ಆಳದ ರ‍್ಯಾಕ್ ಇಟ್ಟರೆ ಕಾರಿಗೂ ರ‍್ಯಾಕಿಗೂ ನಡುವೆ 10 ಇಂಚು. ಕನ್ನಡಿ ಮಡಚಿದರೆ ನೆಮ್ಮದಿ. ಆದರೆ ಎಡಗಡೆ ಕೂತವರು ಗೇಟಿನ ಹೊರಗೇ ಇಳಿಯಬೇಕು, ಇದನ್ನು ಮನೆಯವರೆಲ್ಲ ಒಪ್ಪಿದರೆ ಮಾತ್ರ ಮುಂದುವರಿಯಿರಿ. ಅಂಗಡಿಯಲ್ಲಿ ಸುಲಭಕ್ಕೆ ಸಿಗುವ 15 ಇಂಚು ಮತ್ತು 18 ಇಂಚಿನ ರ‍್ಯಾಕು ಈ ಗೋಡೆಗೆ ಸಲ್ಲದು.

ಉದ್ದದಲ್ಲಿ 64 ಇಂಚು ಮಿಗುತ್ತದೆ. ಎದುರಿನ ಗೋಡೆಗುಂಟ ಸ್ಕೂಟರನ್ನು ಅಡ್ಡ ನಿಲ್ಲಿಸಿದರೆ ಅದಕ್ಕೆ 28 ಇಂಚು, ಉಳಿದ ಮೂರು ಅಡಿ ಓಡಾಟಕ್ಕೆ. ಕಾರು ಕ್ರೆಟಾದಷ್ಟು ಉದ್ದವಿದ್ದರೆ ಈ ಮೂರು ಅಡಿ ಒಂದೂವರೆಗೆ ಇಳಿಯುತ್ತದೆ. ಮುಂದೆ ದೊಡ್ಡ ಕಾರು ಕೊಳ್ಳುವ ಯೋಚನೆ ಇದ್ದವರು ಈಗಲೇ ಆ ಅಳತೆಗೆ ಗೆರೆ ಹಾಕುವುದು ಜಾಣತನ.

ತೇವ ಇದೆಯೇ?

ಎರಡು ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ ನಾಲ್ಕೂ ಅಂಚಿಗೆ ಟೇಪು ಅಂಟಿಸಿ ಒಂದು ದಿನ ಬಿಡಿ. ಹಾಳೆಯ ಅಡಿಯಲ್ಲಿ ಹನಿ ಕಟ್ಟಿದರೆ ನೆಲದಿಂದ ತೇವ ಏಳುತ್ತಿದೆ. ಅಂಥ ನೆಲಕ್ಕೆ ಎಪಾಕ್ಸಿ (ಗಟ್ಟಿಯಾಗಿ ಹೊಳೆಯುವ ರಾಳದ ಲೇಪ) ಬಳಿದರೆ ಟೈರು ನಿಲ್ಲುವ ಕಡೆಯಿಂದಲೇ ಸಿಪ್ಪೆ ಏಳುತ್ತದೆ. ಒರಟು ಮೇಲ್ಮೈಯ ಪಾರ್ಕಿಂಗ್ ಟೈಲ್ಸ್ ಅಥವಾ ಸಾದರಹಳ್ಳಿ ಕಲ್ಲಿನ ಚಪ್ಪಡಿ ಬಾಳಿಕೆಗೆ ಲೇಸು. ಇಳಿಜಾರು 80 ಅಡಿಗೆ ಒಂದಡಿಯಷ್ಟಾದರೂ ಗೇಟಿನ ಕಡೆಗಿರಲಿ. ಹೊಸ ಟೈಲ್ಸ್ ಹಾಕುವಾಗ ಸಂಪಿನ ಮುಚ್ಚಳದ ಅಂಚು ಮಾತ್ರ ನೆಲಕ್ಕಿಂತ ಒಂದಿಂಚಾದರೂ ಎತ್ತರ ಉಳಿಯುವಂತೆ ಮೇಸ್ತ್ರಿಗೆ ಹೇಳಿ. ಇಲ್ಲದಿದ್ದರೆ ಕಾರು ತೊಳೆದ ನೀರು ಕುಡಿಯುವ ನೀರಿಗೆ ಸೇರುತ್ತದೆ.

ಗೋಡೆಯ ಬುಡದಲ್ಲಿ ಬಿಳಿ ಪುಡಿ ಉದುರುತ್ತಿದ್ದರೆ ಅದರ ಮೇಲೆ ಪುಟ್ಟಿ ಹಚ್ಚಿ ಬಣ್ಣ ಬಳಿಯುವುದು ದುಡ್ಡು ದಂಡ. ನೀರು ಸಂಪಿನಿಂದಲೋ ಪೈಪಿನಿಂದಲೋ ಪಕ್ಕದ ಮನೆಯ ಬಚ್ಚಲಿನಿಂದಲೋ ಎಂದು ಹುಡುಕಿ ನಿಲ್ಲಿಸಿದ ಮೇಲೆ, ಮೂರಡಿಯವರೆಗೆ ಗಾರೆ ಕಿತ್ತು, ಪೂರ್ತಿ ಒಣಗಲು ಬಿಟ್ಟು, ವಾಟರ್‌ಪ್ರೂಫ್ ಲೇಪ ಎರಡು ಸಲ ಕೊಟ್ಟು ಮತ್ತೆ ಗಾರೆ ಮಾಡಿಸಿ. ಒಣಗಲು ವಾರಗಳೇ ಹಿಡಿಯಬಹುದು. ಹಾಗಾಗಿ ಈ ಕೆಲಸಕ್ಕೆ ಬೇಸಿಗೆಯೇ ಸರಿಯಾದ ಕಾಲ.

ವಿದ್ಯುತ್ತು, ಗ್ಯಾಸು, ಬ್ಯಾಟರಿ

ಬಣ್ಣಕ್ಕೆ ಮೊದಲು ಎಲೆಕ್ಟ್ರಿಷಿಯನ್ ಬಂದು ಹೋಗಲಿ. ನಾಲ್ಕಡಿಯ ಎಲ್‌ಇಡಿ ಟ್ಯೂಬನ್ನು ಸೀಲಿಂಗಿನ ನಡುವೆ ಹಾಕಿದರೆ ಬೆಳಕೆಲ್ಲ ಕಾರಿನ ಟಾಪಿನ ಮೇಲೆ ಬಿದ್ದು ಬದಿಗಳು ಕತ್ತಲಾಗುತ್ತವೆ. ಎರಡು ಬದಿಗೆ ಒಂದೊಂದು ಹಾಕಿಸಿ. ಎಲೆಕ್ಟ್ರಿಕ್ ಸ್ಕೂಟರ್ ಇದ್ದರೆ 16 ಆಂಪಿಯರ್ ಸಾಕೆಟ್ಟಿಗೆ ಡಿಸ್ಟ್ರಿಬ್ಯೂಷನ್ ಬೋರ್ಡಿನಿಂದ ನೇರವಾಗಿ 4 ಚದರ ಮಿ.ಮೀ. ತಾಮ್ರದ ತಂತಿ, ಪ್ರತ್ಯೇಕ ಎಂಸಿಬಿ (ಲೋಡ್ ಮೀರಿದರೆ ತಾನೇ ಬೀಳುವ ಸ್ವಿಚ್ಚು), 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ಕಡಿತಗೊಳಿಸುವ ಸ್ವಿಚ್ಚು), ಸರಿಯಾದ ಅರ್ಥಿಂಗ್ ಬೇಕು. ಸಾಕೆಟ್ ನೆಲದಿಂದ ನಾಲ್ಕಡಿ ಮೇಲಿರಲಿ. ಎಕ್ಸ್‌ಟೆನ್ಷನ್ ಬಾಕ್ಸಿನಿಂದ ರಾತ್ರಿಯಿಡೀ ಚಾರ್ಜ್ ಮಾಡಿದರೆ ಪಿನ್ನು ಕಾದು ಪ್ಲಾಸ್ಟಿಕ್ ಕರಗಬಹುದು. 7.2 ಕಿಲೋವಾಟಿನ ಕಾರ್ ಚಾರ್ಜರ್ 32 ಆಂಪಿಯರ್ ಎಳೆಯುತ್ತದೆ. ಅದಕ್ಕೆ ಮುಂಚೆ ಬೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ.

ಹೆಚ್ಚುವರಿ ಸಿಲಿಂಡರ್ ಪಾರ್ಕಿಂಗಿನ ಮೂಲೆಯಲ್ಲಿಡುವ ಅಭ್ಯಾಸ ಬಿಡಿ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ತಗ್ಗು ಹುಡುಕಿಕೊಂಡು ಸಂಪಿಗೋ ಚೇಂಬರಿಗೋ ಇಳಿದು ನಿಲ್ಲುತ್ತದೆ, ಪಕ್ಕದಲ್ಲೇ ಮೋಟರ್ ಸ್ವಿಚ್ಚಿನ ಕಿಡಿ. ಇನ್ವರ್ಟರ್ ಬ್ಯಾಟರಿಯದು ಬೇರೆ ತೊಂದರೆ: ಚಾರ್ಜ್ ಆಗುವಾಗ ಲೆಡ್ ಆಸಿಡ್ ಬ್ಯಾಟರಿಯಿಂದ ಹೊಮ್ಮುವ ಹೈಡ್ರೋಜನ್ ಹಗುರ, ಮೇಲೇರುತ್ತದೆ. ಆದ್ದರಿಂದ ಬ್ಯಾಟರಿಯನ್ನು ಕಪಾಟಿನಲ್ಲಿ ಮುಚ್ಚಬೇಡಿ. ಅದರ ಮೇಲೆ ಕಬ್ಬಿಣದ ಹಲಗೆಯೂ ಬೇಡ. ನೀರು ತುಂಬಿಸಲು ಕೈ ಆಡಬೇಕು, ಹಲಗೆಯಿಂದ ಸ್ಪ್ಯಾನರ್ ಜಾರಿಬಿದ್ದರೆ ಎರಡೂ ಟರ್ಮಿನಲ್ ಕೂಡಿಕೊಂಡು ಶಾರ್ಟ್ ಆಗುತ್ತದೆ.

ಗೋಡೆ ಯಾವುದು ಎಂದು ತಿಳಿದು ತೂತು

ಡ್ರಿಲ್ ಮಾಡಿದಾಗ ಉದುರುವ ಪುಡಿ ನೋಡಿ. ಕೆಂಪಾದರೆ ಇಟ್ಟಿಗೆ, ಬೂದಿ ಬಣ್ಣವಾದರೆ ಸಿಮೆಂಟ್ ಬ್ಲಾಕ್. ಹ್ಯಾಮರ್ ಒತ್ತಡವಿಲ್ಲದೆ ಸರಾಗ ಇಳಿದು ಬೆಳ್ಳನೆ ಪುಡಿ ಬಂದರೆ ಎಎಸಿ ಬ್ಲಾಕ್, ಅಂದರೆ ಒಳಗೆ ಗಾಳಿಗುಳ್ಳೆಗಳಿರುವ ಹಗುರ ಬ್ಲಾಕ್. ಇಟ್ಟಿಗೆ ಮತ್ತು ಸಾಲಿಡ್ ಬ್ಲಾಕಿಗೆ ಆಂಕರ್ ಬೋಲ್ಟ್ ಚೆನ್ನಾಗಿ ಹಿಡಿಯುತ್ತದೆ. ಟೊಳ್ಳು ಬ್ಲಾಕಿನಲ್ಲಿ ಬೋಲ್ಟು ಖಾಲಿಯೊಳಗೆ ಅರಳಿ ಸುಮ್ಮನೆ ತಿರುಗುತ್ತದೆ. ಎಎಸಿಯಲ್ಲಿ ಸುತ್ತಲಿನ ಬ್ಲಾಕೇ ಪುಡಿಯಾಗುತ್ತದೆ. ಇವೆರಡಕ್ಕೂ ಆಯಾ ಬ್ಲಾಕಿಗೆಂದೇ ಬರುವ ಉದ್ದನೆಯ ನೈಲಾನ್ ಪ್ಲಗ್ ಅಥವಾ ಕೆಮಿಕಲ್ ಆಂಕರ್ (ತೂತಿಗೆ ಅಂಟು ತುಂಬಿ ಕೂರಿಸುವ ಬೋಲ್ಟು) ಬೇಕು. ಇನ್ನೊಂದು ಸಾಮಾನ್ಯ ತಪ್ಪು, ಒಂದೂವರೆ ಇಂಚಿನ ಸ್ಕ್ರೂ. ಗಾರೆಯೇ ಅರ್ಧ ಇಂಚಿಗಿಂತ ದಪ್ಪ ಇರುವಾಗ ಅದು ಬ್ಲಾಕಿಗೆ ನಾಟುವುದು ತುಸುವೇ. ಭಾರ ಹೊರುವ ಬ್ರ್ಯಾಕೆಟ್ಟಿಗೆ ಮೂರು ಇಂಚಿನದು ಬಳಸಿ. ಕಂಬ, ತೊಲೆಗಳಿಗೆ ಡ್ರಿಲ್ ತಾಗಿಸಬೇಡಿ.

ಈಗ ರ‍್ಯಾಕು

ಸ್ಲಾಟೆಡ್ ಆಂಗಲ್ (ಉದ್ದಕ್ಕೂ ತೂತುಗಳಿರುವ ಕಬ್ಬಿಣದ ಪಟ್ಟಿ) ರ‍್ಯಾಕಿಗೆ ಕಂಬ 14 ಗೇಜ್, ಹಲಗೆ 18 ಗೇಜ್ ಕೇಳಿ. ಗೇಜಿನ ಸಂಖ್ಯೆ ಹೆಚ್ಚಿದಷ್ಟೂ ತಗಡು ತೆಳು; ಕಡಿಮೆ ಬೆಲೆಗೆ ಸಿಗುವ 22 ಗೇಜಿನ ಹಲಗೆ ಎರಡು ಪೇಂಟ್ ಬಕೆಟ್ಟಿಗೇ ನಡುವೆ ಜೋತುಬೀಳುತ್ತದೆ. 20 ಲೀಟರ್ ಎಮಲ್ಷನ್ ಬಕೆಟ್ 28 ಕೆ.ಜಿ.ಯ ಆಸುಪಾಸು ತೂಗುತ್ತದೆ, ಅದಕ್ಕೆ ಕೆಳಗಿನ ಹಲಗೆಯೇ ಜಾಗ. ಆ ಹಲಗೆ ನೆಲದಿಂದ ಎಂಟು ಇಂಚು ಮೇಲಿರಲಿ, ಅಡಿಯಲ್ಲಿ ಪೊರಕೆ ಆಡಬೇಕು.

ಪಾರ್ಕಿಂಗ್ ನೆಲ ಇಳಿಜಾರು ಎಂಬುದನ್ನು ರ‍್ಯಾಕ್ ಜೋಡಿಸುವವರು ಮರೆಯುತ್ತಾರೆ. 80ಕ್ಕೆ ಒಂದರ ಇಳಿಜಾರಿನಲ್ಲಿ ಆರಡಿ ಎತ್ತರದ ರ‍್ಯಾಕಿನ ತಲೆ ಸುಮಾರು ಒಂದಿಂಚು ವಾಲುತ್ತದೆ. ಕೆಳಬದಿಯ ಕಾಲುಗಳಿಗೆ ಬೇಸ್ ಪ್ಲೇಟಿನಡಿ ಪ್ಯಾಕಿಂಗ್ ಕೊಟ್ಟು ಮಟ್ಟಗೋಲಿನಿಂದ ನೋಡಿ, ಮೇಲ್ತುದಿಯನ್ನು ಎರಡು ಕಡೆ ಗೋಡೆಗೆ ಬಿಗಿಯಿರಿ. ಸಂಪಿನ ಸ್ಲ್ಯಾಬಿನ ಮೇಲೆ ತುಂಬಿದ ರ‍್ಯಾಕ್ ನಿಲ್ಲಿಸಬೇಡಿ.

ಕಾರಿನ ಬಾನೆಟ್ ಮೇಲಿನ ಗಾಳಿಯ ಜಾಗ ಹೆಚ್ಚಿನ ಮನೆಗಳಲ್ಲಿ ವ್ಯರ್ಥ. ಸೀಲಿಂಗ್ ಒಂಬತ್ತಡಿ ಇದ್ದರೆ, ಆರೂವರೆ ಅಡಿಯ ಮೇಲೆ ಎರಡಡಿ ಆಳದ ಅಟ್ಟ ಮಾಡಿಸಬಹುದು. ಕಡಪ ಕಲ್ಲಾದರೆ ಮೂರಡಿಗೊಂದು ಕಬ್ಬಿಣದ ಆಂಗಲ್ ಆಸರೆ ಬೇಕು, ಇಲ್ಲದಿದ್ದರೆ ಯಾವುದೇ ಮುನ್ಸೂಚನೆಯಿಲ್ಲದೆ ಮುರಿಯುತ್ತದೆ. ಪ್ಲೈವುಡ್ ಆದರೆ ತೇವವನ್ನಷ್ಟೇ ತಡೆಯುವ ಎಂಆರ್ ಗ್ರೇಡ್ ಬೇಡ, ಕುದಿನೀರನ್ನೂ ತಾಳುವ ಬಿಡಬ್ಲ್ಯೂಪಿ ಇರಲಿ. ವರ್ಷಕ್ಕೊಮ್ಮೆ ಇಳಿಸುವ ದಸರಾ ಗೊಂಬೆ, ಗಣೇಶನ ಮಂಟಪ, ದೀಪಾವಳಿಯ ಸೀರಿಯಲ್ ಸೆಟ್ ಅಲ್ಲಿಗೆ. ರಟ್ಟಿನ ಪೆಟ್ಟಿಗೆಯಲ್ಲಲ್ಲ, ಮುಚ್ಚಳವಿರುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬದಲ್ಲಿ: ರಟ್ಟು ಗೆದ್ದಲಿಗೂ ಜಿರಳೆಗೂ ಆಹ್ವಾನ. ಅಕ್ಕಿ ಮೂಟೆ, ನಾಯಿಯ ಆಹಾರ ಇಲ್ಲಿಟ್ಟರೆ ಇಲಿ ಬರುತ್ತದೆ, ಬಂದದ್ದು ಕಾರಿನ ವೈರನ್ನೂ ಕಡಿಯುತ್ತದೆ. ಕೀಟನಾಶಕ, ಥಿನ್ನರ್, ಆಸಿಡ್ ಬಾಟಲಿಗಳು ಸಂಪಿನಿಂದ ದೂರದ ಗೋಡೆಯಲ್ಲಿ, ಬೀಗವಿರುವ ಪುಟ್ಟ ಕಬ್ಬಿಣದ ಪೆಟ್ಟಿಗೆಯಲ್ಲಿರಲಿ.

ಕೊನೆಗೆ, ಕಾರು ಪ್ರತಿ ಸಲವೂ ಗೆರೆಯೊಳಗೇ ನಿಲ್ಲಲು ಮುಂದಿನ ಚಕ್ರಗಳಿಗೆ ಎರಡು ರಬ್ಬರ್ ಸ್ಟಾಪರ್ ಕೂರಿಸಿ. ಅದಕ್ಕೆ ನೆಲದಲ್ಲಿ ತೂತು ಹಾಕುವ ಮೊದಲು ಸಂಪಿನಿಂದ ಮೋಟರಿಗೆ, ಮೋಟರಿನಿಂದ ಮೇಲಿನ ಟ್ಯಾಂಕಿಗೆ ಪೈಪು ಯಾವ ದಾರಿಯಲ್ಲಿ ಹೋಗಿದೆ ಎಂದು ಪ್ಲಂಬರನ್ನು ಕೇಳಿಕೊಳ್ಳಿ.