ಇಂಗ್ಲಿಷ್ ವಾಕ್ಯದಲ್ಲಿ ಪ್ರಿಪೊಸಿಷನ್ನೂ ಬಹುವಚನವೂ ಜೊತೆಗೂಡಿದಾಗ: ಸರಿಯಾಗಿ ಬರೆಯುವ ಬಗೆ

ಕರಾವಳಿಯ ಮಕ್ಕಳು ಬರೆಯುವ ಇಂಗ್ಲಿಷ್ ಪ್ರಬಂಧಗಳಲ್ಲೂ ಹಿರಿಯರು ಬರೆಯುವ ಅರ್ಜಿಗಳಲ್ಲೂ ಒಂದು ಜಾತಿಯ ವಾಕ್ಯ ಎಡವುವುದನ್ನು ಕಾಣುತ್ತೇವೆ. ಮಂಗಳೂರಿನ ಹೆಂಚಿನ ಬಗ್ಗೆ ಬರೆಯುವಾಗ 'ದಿ ಕಲರ್ ಆಫ್ ದಿ ಟೈಲ್ಸ್ ಆರ್ ರೆಡ್' ಎಂದು ಬರೆದುಬಿಡುತ್ತಾರೆ. ಇಲ್ಲಿ ಬರಬೇಕಾದದ್ದು 'ಈಸ್'. ಬರೆದವರಿಗೆ ಏಕವಚನಕ್ಕೆ 'ಈಸ್', ಬಹುವಚನಕ್ಕೆ 'ಆರ್' ಎಂಬುದು ಚೆನ್ನಾಗಿಯೇ ಗೊತ್ತಿರುತ್ತದೆ. ಯಾವ ನಾಮಪದವನ್ನು ನೋಡಿ ಕ್ರಿಯಾಪದವನ್ನು ಆರಿಸಬೇಕು ಎಂಬಲ್ಲಿ ಮಾತ್ರ ದಾರಿ ತಪ್ಪುತ್ತದೆ.

ಒಂದು ಕಾರಣ ಕನ್ನಡದ ಪದಕ್ರಮದಲ್ಲಿದೆ. 'ಹೆಂಚುಗಳ ಬಣ್ಣ ಕೆಂಪಾಗಿದೆ' ಎನ್ನುವಾಗ 'ಹೆಂಚುಗಳ' ಎಂಬ ವಿಶೇಷಣ ಮೊದಲೇ ಬಂದು ಹೋಗುತ್ತದೆ. ಕರ್ತೃಪದವಾದ 'ಬಣ್ಣ' ಕ್ರಿಯಾಪದದ ಕಡೆಗೇ ಉಳಿಯುತ್ತದೆ. 'ಬಂದರಿನಲ್ಲಿರುವ ದೋಣಿಗಳು' ಎನ್ನುವಾಗಲೂ ಅಷ್ಟೇ, ಎಲ್ಲಿರುವ ದೋಣಿ ಎಂಬುದು ಮೊದಲು, ದೋಣಿ ಆಮೇಲೆ. ನಮ್ಮ ವಿಭಕ್ತಿ ಪ್ರತ್ಯಯಗಳು ಪದದ ಕೊನೆಗೆ ಅಂಟಿಕೊಂಡು ವಿವರಣೆಯನ್ನು ಮುಂದಕ್ಕೆ ಕಳಿಸುತ್ತವೆ. ಇಂಗ್ಲಿಷ್ ಇದಕ್ಕೆ ತದ್ವಿರುದ್ಧ: ಮುಖ್ಯ ನಾಮಪದ ಮೊದಲು ಬರುತ್ತದೆ, ಪ್ರಿಪೊಸಿಷನ್ ('ಆಫ್', 'ಇನ್', 'ಫ್ರಮ್' ಮುಂತಾದ ಸಂಬಂಧಸೂಚಕ ಪದ) ಮತ್ತು ಅದರ ನಾಮಪದ ಆಮೇಲೆ ಬಂದು ಕರ್ತೃ ಹಾಗೂ ಕ್ರಿಯಾಪದದ ನಡುವೆ ಕುಳಿತುಕೊಳ್ಳುತ್ತವೆ. ವಿವರಣೆ ಮೊದಲು, ಮುಖ್ಯ ನಾಮಪದ ಆಮೇಲೆ ಎಂದು ನಂಬಿ ಬೆಳೆದ ಕಿವಿಗೆ 'ಟೈಲ್ಸ್' ಎಂಬ ಬಹುವಚನ ಕೇಳಿದೊಡನೆ 'ಆರ್' ಸಹಜವಾಗಿ ಬಾಯಿಗೆ ಬರುತ್ತದೆ.

ಆದ್ದರಿಂದ ಮೊದಲು ಅಭ್ಯಾಸ ಮಾಡಿಕೊಳ್ಳಬೇಕಾದ ಕ್ರಮ ಇದು: ವಾಕ್ಯವನ್ನು ಬರೆದ ಮೇಲೆ ಮೊದಲ ಪ್ರಿಪೊಸಿಷನ್‌ನಿಂದ ಹಿಡಿದು ಕ್ರಿಯಾಪದದ ಹಿಂದಿನ ಪದದವರೆಗೆ ಪೆನ್ಸಿಲಿನಿಂದ ತೆಳುವಾಗಿ ಗೆರೆ ಎಳೆಯಿರಿ. ಉಳಿದದ್ದನ್ನು ಗಟ್ಟಿಯಾಗಿ ಓದಿ. 'ದಿ ಬಸ್ಸಸ್ ಫ್ರಮ್ ಸ್ಟೇಟ್‌ಬ್ಯಾಂಕ್ ಟು ಮಣಿಪಾಲ್ ಆರ್ ಫುಲ್' (ಸ್ಟೇಟ್‌ಬ್ಯಾಂಕ್ ಎಂದರೆ ಮಂಗಳೂರಿನ ಬಸ್ ನಿಲ್ದಾಣ) ಎಂಬಲ್ಲಿ 'ದಿ ಬಸ್ಸಸ್ ಆರ್ ಫುಲ್' ಉಳಿಯುತ್ತದೆ. 'ದಿ ಲಿಸ್ಟ್ ಆಫ್ ದಿ ನೇಮ್ಸ್ ಆಫ್ ದಿ ಸ್ಟೂಡೆಂಟ್ಸ್ ಫ್ರಮ್ ದಿ ಕಾಲೇಜಸ್ ಆಫ್ ಉಡುಪಿ ಈಸ್ ರೆಡಿ' ಎಂಬಲ್ಲಿ ನಾಲ್ಕು ಪ್ರಿಪೊಸಿಷನ್‌ಗಳು, ಮೂರು ಬಹುವಚನಗಳು ನಡುವೆ ಬಂದರೂ ಕ್ರಿಯಾಪದ ಕೇಳುವುದು 'ಲಿಸ್ಟ್' ಎಂಬ ಒಂದೇ ಪದದ ಮಾತನ್ನು. ನಡುವಿನ ಪದಗಳು ಎಷ್ಟೇ ಉದ್ದವಾಗಲಿ, ಅವು ವಿವರಣೆ ಮಾತ್ರ.

ಈ ತಪ್ಪು ಕನ್ನಡಿಗರದ್ದು ಮಾತ್ರ ಎಂದು ಯಾರೂ ಕೀಳರಿಮೆ ಪಡಬೇಕಾಗಿಲ್ಲ. ಇಂಗ್ಲಿಷನ್ನೇ ಮಾತೃಭಾಷೆಯಾಗಿ ಆಡುವವರೂ ಮಾತಿನ ವೇಗದಲ್ಲಿ ಇಲ್ಲೇ ಜಾರುತ್ತಾರೆ ಎಂಬುದನ್ನು ಕ್ಯಾಥ್ರಿನ್ ಬಾಕ್ ಮತ್ತು ಕ್ಯಾರಲ್ ಮಿಲ್ಲರ್ ಎಂಬ ಮನೋಭಾಷಾ ವಿಜ್ಞಾನಿಗಳು 1991ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ತೋರಿಸಿದರು. ಅವರಿಗೆ ಕಂಡ ಒಂದು ಸಂಗತಿ ಕಲಿಯುವವರಿಗೆ ಬಹಳ ಉಪಯುಕ್ತ: ಮೊದಲ ನಾಮಪದ ಏಕವಚನವಾಗಿದ್ದು ಪ್ರಿಪೊಸಿಷನ್ ನಂತರದ್ದು ಬಹುವಚನವಾಗಿದ್ದರೆ ತಪ್ಪು ಹೆಚ್ಚು, ಮೊದಲನೆಯದು ಬಹುವಚನವಾಗಿ ನಂತರದ್ದು ಏಕವಚನವಾಗಿದ್ದರೆ ತಪ್ಪು ತೀರ ಕಡಿಮೆ. 'ದಿ ಬೋಟ್ಸ್ ಇನ್ ದಿ ಹಾರ್ಬರ್' ಎಂದು ಬರೆದು 'ಈಸ್' ಹಾಕುವವರು ವಿರಳ. ಹಾಗಾಗಿ ಬರೆದದ್ದನ್ನು ತಿದ್ದುವಾಗ ಎಲ್ಲ ವಾಕ್ಯಗಳ ಮೇಲೂ ಒಂದೇ ಶ್ರಮ ಬೇಡ. ಮೊದಲು ಒಂದು, ಪ್ರಿಪೊಸಿಷನ್ ನಂತರ ಹಲವು ಇರುವ ವಾಕ್ಯಗಳನ್ನು ಹುಡುಕಿ ನೋಡಿದರೆ ಸಾಕು.

ಈಗ ನಿಯಮ ತಿರುಗಿ ನಿಲ್ಲುವ ಜಾಗಕ್ಕೆ ಬರೋಣ. 'ಸಮ್', 'ಆಲ್', 'ಮೋಸ್ಟ್', 'ಹಾಫ್', 'ಎ ಲಾಟ್' ಮುಂತಾದ ಪ್ರಮಾಣವಾಚಕಗಳ ನಂತರ 'ಆಫ್' ಬಂದರೆ ಗೆರೆ ಎಳೆಯುವ ಉಪಾಯ ನಡೆಯುವುದಿಲ್ಲ, ಏಕೆಂದರೆ ಈ ಪದಗಳಿಗೆ ಸ್ವಂತ ವಚನವಿಲ್ಲ. ಅವು 'ಆಫ್' ಆಚೆಗಿನ ನಾಮಪದದ ವಚನವನ್ನೇ ಪಡೆಯುತ್ತವೆ. ಮಲ್ಪೆಯ ಮೀನುಗಾರಿಕಾ ಬಂದರಿನ ಬಗ್ಗೆ ಬರೆಯುವಾಗ 'ಹಾಫ್ ಆಫ್ ದಿ ಬೋಟ್ಸ್ ಆರ್ ಬ್ಯಾಕ್' ಎನ್ನಬೇಕು, 'ಹಾಫ್ ಆಫ್ ದಿ ಐಸ್ ಈಸ್ ಗಾನ್' ಎನ್ನಬೇಕು. ದೋಣಿಗಳನ್ನು ಎಣಿಸಬಹುದು, ಮಂಜುಗಡ್ಡೆಯನ್ನು ರಾಶಿಯಾಗಿ ಕಾಣುತ್ತೇವೆ. 'ಫಿಶ್' ಪದದಲ್ಲಿ ಇನ್ನೂ ಸೂಕ್ಷ್ಮವಿದೆ, ಅದರ ಏಕವಚನಕ್ಕೂ ಬಹುವಚನಕ್ಕೂ ಸಾಮಾನ್ಯವಾಗಿ ರೂಪ ಒಂದೇ. ಆದ್ದರಿಂದ 'ಮೋಸ್ಟ್ ಆಫ್ ದಿ ಫಿಶ್ ಈಸ್ ಸೋಲ್ಡ್' ಎಂದರೆ ಸರಕಿನ ಹೆಚ್ಚಿನ ಪಾಲು ಮಾರಾಟವಾಗಿದೆ ಎಂದಾಗುತ್ತದೆ. 'ಮೋಸ್ಟ್ ಆಫ್ ದಿ ಫಿಶ್ ಆರ್ ಸ್ಮಾಲ್' ಎಂದರೆ ಒಂದೊಂದಾಗಿ ನೋಡಿದಾಗ ಹೆಚ್ಚಿನವು ಸಣ್ಣವು ಎಂದಾಗುತ್ತದೆ. ಎರಡೂ ಸರಿ, ಬರೆಯುವವರ ಕಣ್ಣು ಯಾವುದನ್ನು ಕಾಣುತ್ತಿದೆ ಎಂಬುದರ ಮೇಲೆ ಆಯ್ಕೆ ನಿಂತಿದೆ.

'ಈಚ್ ಆಫ್', 'ಐದರ್ ಆಫ್', 'ನೈದರ್ ಆಫ್' ಇವುಗಳ ನಂತರ ಬಹುವಚನ ನಾಮಪದವೇ ಬರಬೇಕು, ಆದರೆ ಕ್ರಿಯಾಪದ ಏಕವಚನದಲ್ಲಿರುವುದು ಬರವಣಿಗೆಯ ಶಿಷ್ಟ ಕ್ರಮ: 'ಈಚ್ ಆಫ್ ದಿ ಏಟ್ ಮಠಾಸ್ ಹ್ಯಾಸ್ ಇಟ್ಸ್ ಟರ್ನ್'. ಉಡುಪಿಯ ಪರ್ಯಾಯವನ್ನು ಬಲ್ಲವರಿಗೆ ಇದನ್ನು ನೆನಪಿಟ್ಟುಕೊಳ್ಳುವುದು ಕಷ್ಟವಲ್ಲ, ಮಠಗಳು ಎಂಟಾದರೂ ಕೃಷ್ಣನ ಪೂಜೆಯ ಎರಡು ವರ್ಷಗಳ ಸರದಿ ಒಂದೊಂದಕ್ಕೇ ಬರುತ್ತದೆ. 'ಎ ನಂಬರ್ ಆಫ್' ಎಂದರೆ ಹಲವು, ಆದ್ದರಿಂದ ಬಹುವಚನ. 'ದಿ ನಂಬರ್ ಆಫ್' ಎಂದರೆ ಸಂಖ್ಯೆ, ಆದ್ದರಿಂದ ಏಕವಚನ. 'ಎ ನಂಬರ್ ಆಫ್ ಪಿಲ್ಗ್ರಿಮ್ಸ್ ಆರ್ ವೇಟಿಂಗ್', 'ದಿ ನಂಬರ್ ಆಫ್ ಪಿಲ್ಗ್ರಿಮ್ಸ್ ಈಸ್ ರೈಸಿಂಗ್'.

'ವನ್ ಆಫ್' ಬಗ್ಗೆ ಸ್ವಲ್ಪ ನಿಲ್ಲಬೇಕು. 'ವನ್ ಆಫ್ ಮೈ ಫ್ರೆಂಡ್' ಎಂಬ ತಪ್ಪು ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರೂ ಹಾಗೆ ಹೇಳುತ್ತಾರೆ. ನನಗೆ ಇದು ಬೇಸರದ ಸಂಗತಿ, ಏಕೆಂದರೆ ಕನ್ನಡದಲ್ಲಿ ನಾವು ಈ ತಪ್ಪನ್ನು ಎಂದೂ ಮಾಡುವುದಿಲ್ಲ. 'ನನ್ನ ಗೆಳೆಯರಲ್ಲಿ ಒಬ್ಬ' ಎನ್ನುತ್ತೇವೆಯೇ ಹೊರತು 'ಗೆಳೆಯನಲ್ಲಿ ಒಬ್ಬ' ಎಂದು ಮಗುವೂ ಹೇಳುವುದಿಲ್ಲ. ಹಲವರೊಳಗಿಂದ ಒಬ್ಬನನ್ನು ಎತ್ತಿ ಹೇಳುವಾಗ ಮೊದಲು ಹಲವರು ಇರಬೇಕಲ್ಲ! ಕನ್ನಡ ವಾಕ್ಯವನ್ನು ಒಮ್ಮೆ ಮನಸ್ಸಿನಲ್ಲಿ ಹೇಳಿಕೊಂಡರೆ 'ಫ್ರೆಂಡ್ಸ್' ತಾನಾಗಿ ಬರುತ್ತದೆ. ಕ್ರಿಯಾಪದ ಮಾತ್ರ ಆ ಒಬ್ಬನದು: 'ವನ್ ಆಫ್ ಮೈ ಫ್ರೆಂಡ್ಸ್ ಲಿವ್ಸ್ ಇನ್ ಕಾಪು'. ಆದರೆ ನಂತರ 'ಹೂ' ಎಂದು ಉಪವಾಕ್ಯ ಸೇರಿದರೆ ಅದು ಸಾಮಾನ್ಯವಾಗಿ ಬಹುವಚನಕ್ಕೆ ಅಂಟಿಕೊಳ್ಳುತ್ತದೆ. 'ಶೀ ಈಸ್ ವನ್ ಆಫ್ ದಿ ಟೀಚರ್ಸ್ ಹೂ ಟೀಚ್ ಮ್ಯಾಥ್ಸ್' ಎಂಬಲ್ಲಿ ಗಣಿತ ಕಲಿಸುವವರು ಹಲವರು, ಅವರಲ್ಲಿ ಆಕೆ ಒಬ್ಬರು. 'ದಿ ಓನ್ಲಿ ವನ್' ಎಂದಾದರೆ ಕಲಿಸುವವರು ಒಬ್ಬರೇ, ಆಗ 'ಟೀಚಸ್'.

ಪ್ರಿಪೊಸಿಷನ್ ಪದಗುಚ್ಛವೇ ವಾಕ್ಯದ ಆರಂಭಕ್ಕೆ ಬಂದರೆ ಕರ್ತೃಪದ ಕ್ರಿಯಾಪದದ ನಂತರ ಸಿಗಬಹುದು. ಉಡುಪಿಯ ರಥಬೀದಿಯನ್ನು ವರ್ಣಿಸುವಾಗ 'ಅರೌಂಡ್ ದಿ ಕಾರ್ ಸ್ಟ್ರೀಟ್ ಸ್ಟ್ಯಾಂಡ್ ಏಟ್ ಮಠಾಸ್' ಎಂದು ಬರೆಯುತ್ತೇವೆ. ಬೀದಿ ಒಂದೇ ಆದರೂ ನಿಂತಿರುವವು ಮಠಗಳು, ಆದ್ದರಿಂದ 'ಸ್ಟ್ಯಾಂಡ್ಸ್' ಆಗದು. ಅನುಮಾನ ಬಂದರೆ ವಾಕ್ಯವನ್ನು ತಿರುಗಿಸಿ, ಮಠಗಳನ್ನು ಮೊದಲಿಗೆ ತಂದು ಓದಿ ನೋಡಿ.

ಇಲ್ಲಿಯವರೆಗೆ ಕ್ರಿಯಾಪದದ ಮಾತಾಯಿತು. ಪದಗುಚ್ಛದ ಒಳಗಿನ ನಾಮಪದಕ್ಕೆ ಬಹುವಚನ ಬೇಕೇ ಬೇಡವೇ ಎಂಬುದು ಬೇರೆಯೇ ಪ್ರಶ್ನೆ, ವ್ಯಾಕರಣದ ಪಾಠಗಳಲ್ಲಿ ಅದಕ್ಕೆ ಸಿಗುವ ಗಮನ ಕಡಿಮೆ. 'ಹೆಂಗಸರು ತಲೆಯ ಮೇಲೆ ಬುಟ್ಟಿ ಹೊತ್ತು ಬಂದರು' ಎಂಬುದು ಸುಂದರವಾದ ಕನ್ನಡ. ಹೆಂಗಸರು ಹತ್ತು ಮಂದಿ ಇದ್ದರೂ ತಲೆ, ಬುಟ್ಟಿ ಎರಡೂ ಏಕವಚನ. 'ತಲೆಗಳ ಮೇಲೆ ಬುಟ್ಟಿಗಳನ್ನು' ಎಂದರೆ ಕೃತಕವಾಗಿ ಕೇಳುತ್ತದೆ. ಇಂಗ್ಲಿಷ್ ಇಲ್ಲಿ ಎಣಿಕೆಯಲ್ಲಿ ಕಟ್ಟುನಿಟ್ಟು: 'ದಿ ವಿಮೆನ್ ಕೇಮ್ ವಿತ್ ಬಾಸ್ಕೆಟ್ಸ್ ಆನ್ ದೇರ್ ಹೆಡ್ಸ್'. ಹಲವರಿಗೆ ಹಲವು ತಲೆ, ಹಲವು ಬುಟ್ಟಿ. 'ಆನ್ ದೇರ್ ಹೆಡ್' ಎಂದು ಬರೆದರೆ ಎಲ್ಲರಿಗೂ ಸೇರಿ ಒಂದೇ ತಲೆಯಿದ್ದಂತೆ ಓದುಗರಿಗೆ ಅನ್ನಿಸಬಹುದು. ಅಂಕಿಯ ನಂತರವೂ ಹೀಗೆಯೇ. 'ಮೂರು ಬಸ್ಸು ಹೋಯಿತು' ಎಂದು ನಾವು ಸಲೀಸಾಗಿ ಆಡುತ್ತೇವೆ, ಇಂಗ್ಲಿಷಿನಲ್ಲಿ 'ಇನ್ ತ್ರೀ ಬಸ್' ಎನ್ನಲಾಗದು, 'ಇನ್ ತ್ರೀ ಬಸ್ಸಸ್' ಎನ್ನಬೇಕು.

ಆದರೆ ಅದೇ ಮೂರು ಬಸ್ಸುಗಳಲ್ಲಿ ಹೋದವರನ್ನು ಕುರಿತು 'ದೇ ವೆಂಟ್ ಬೈ ಬಸ್' ಎಂದೇ ಹೇಳಬೇಕು. 'ಬೈ ಬಸ್', 'ಆನ್ ಫುಟ್', 'ಬೈ ಹ್ಯಾಂಡ್' ಇಂಥವು ಒಂದು ವಸ್ತುವನ್ನು ತೋರಿಸುವುದಿಲ್ಲ, ರೀತಿಯನ್ನು ಹೇಳುತ್ತವೆ. ಅವುಗಳಿಗೆ 'ಎ' ಅಥವಾ 'ದಿ' ಸೇರದು, ಬಹುವಚನವೂ ಸೇರದು. ಅಂಕಿಯೋ 'ದೇರ್' ಪದವೋ ನಡುವೆ ಬಂದೊಡನೆ ಆ ಕಟ್ಟು ಬಿಚ್ಚಿಹೋಗಿ ಸಾಮಾನ್ಯ ನಿಯಮ ಮರಳುತ್ತದೆ.

ಅಳತೆಯ ಪದಗಳು ನಾಮಪದಕ್ಕೆ ಮೊದಲು ಕೂತರೆ ಏಕವಚನ, ಪ್ರಿಪೊಸಿಷನ್ ನಂತರ ಬಂದರೆ ಬಹುವಚನ: 'ಎ ತ್ರೀ ಅವರ್ ಯಕ್ಷಗಾನ', 'ಎ ಯಕ್ಷಗಾನ ಆಫ್ ತ್ರೀ ಅವರ್ಸ್'. ಭಾವಂದಿರನ್ನು 'ಬ್ರದರ್ಸ್ ಇನ್ ಲಾ' ಎನ್ನುವಾಗಲೂ ಬಹುವಚನದ ಗುರುತು ಬೀಳುವುದು ಪ್ರಿಪೊಸಿಷನ್‌ಗಿಂತ ಮುಂಚಿನ ಮುಖ್ಯ ನಾಮಪದದ ಮೇಲೆ. ಕೊನೆಗೆ ಅಂಟಿಸುವ ನಮ್ಮ ರೂಢಿಯನ್ನು ಇಲ್ಲಿ ಬಿಡಬೇಕು. ಇನ್ನು 'ಅಲಾಂಗ್ ವಿತ್', 'ಟುಗೆದರ್ ವಿತ್' ಎಂಬವು 'ಆ್ಯಂಡ್'ಗೆ ಸಮವಲ್ಲ. 'ದಿ ಭಾಗವತ, ಅಲಾಂಗ್ ವಿತ್ ದಿ ಡ್ರಮ್ಮರ್ಸ್, ಈಸ್ ಆನ್ ದಿ ಸ್ಟೇಜ್' ಎಂಬಲ್ಲಿ ಅಲ್ಪವಿರಾಮಗಳ ನಡುವಿನ ಚೆಂಡೆ ಮದ್ದಳೆಯವರನ್ನು ಕ್ರಿಯಾಪದ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅವರೂ ಕರ್ತೃಗಳಾಗಬೇಕೆಂದರೆ 'ಆ್ಯಂಡ್' ಹಾಕಿ 'ಆರ್' ಬರೆಯಿರಿ.