ಹೆಸರು ಬರೆದುಕೊಂಡು ಹೋದ ದಾರಿ: ಅಲಾಸ್ಕದ ಗ್ಲೆನ್ ಹೈವೇಯಲ್ಲಿ ಮೂರು ದಿನ

ಗ್ಲೆನ್ ಹೈವೇಯಲ್ಲಿ ನಾವು ಎರಡು ಸಲ ಹೋಗಿದ್ದೇವೆ. ಮೊದಲ ಸಲ ಒಂದೇ ದಿನದಲ್ಲಿ ಮುಗಿಸಿದೆವು. ಬೆಳಿಗ್ಗೆ ಆ್ಯಂಕರೇಜ್ ಬಿಟ್ಟು, ಹಿಮನದಿ ನೋಡಿ, ಒಳನಾಡಿನ ಗ್ಲೆನ್ನಾಲನ್ ಊರು ಮುಟ್ಟಿ, ರಾತ್ರಿ ವಾಪಸ್. ಹೋಗಿ ಬರಲು 600 ಕಿ.ಮೀ. ಫೋಟೊ ತುಂಬಾ ತೆಗೆದಿದ್ದೆ. ಮನೆಗೆ ಬಂದು ನೋಡಿದರೆ ಯಾವ ಬೆಟ್ಟ ಯಾವುದು ಅಂತ ನನಗೇ ಗೊತ್ತಾಗಲಿಲ್ಲ. ಅಲ್ಲಿ ಯಾರ ಊರು ದಾಟಿ ಬಂದೆವು ಅನ್ನುವುದೂ ಗೊತ್ತಿರಲಿಲ್ಲ. ಅದು ನನ್ನನ್ನು ಬಹಳ ದಿನ ಕಾಡಿತು.

ಎರಡನೇ ಸಲ ಆಗಸ್ಟ್ ಕೊನೆಯ ವಾರ ಹೋದೆವು. ಮೂರು ದಿನ ಇಟ್ಟುಕೊಂಡೆವು. ನಾವಿರುವುದು ಸಿಯಾಟಲ್‌ನಲ್ಲಿ, ಅಲ್ಲಿಂದ ವಿಮಾನದಲ್ಲಿ ಮೂರೂವರೆ ಗಂಟೆ. ಹೊರಡುವ ಮೊದಲು ಒಂದು ನೋಟ್‌ಬುಕ್ ತೆಗೆದುಕೊಂಡು, ದಾರಿಯ ಊರು, ಹೊಳೆ, ಬೆಟ್ಟಗಳಿಗೆ ಅಲ್ಲಿನ ಮೂಲನಿವಾಸಿಗಳು ಇಟ್ಟ ಹೆಸರು ಹುಡುಕಿ ಬರೆದುಕೊಂಡೆ. ಪಕ್ಕದಲ್ಲಿ ಅರ್ಥ, ಮೈಲಿ ಸಂಖ್ಯೆ. ಅಲಾಸ್ಕದಲ್ಲಿ ವಿಳಾಸ ಹೇಳುವುದೇ ಮೈಲಿ ಲೆಕ್ಕದಲ್ಲಿ, ಹಾಗಾಗಿ ಜಾಗ ಹುಡುಕುವುದು ಸುಲಭವಾಯಿತು.

ರಸ್ತೆಗೆ ಗ್ಲೆನ್ ಅನ್ನುವ ಹೆಸರು ಬಂದದ್ದು 1898ರಲ್ಲಿ ಈ ಕಡೆ ದಾರಿ ಹುಡುಕಲು ಬಂದ ಸೇನಾಧಿಕಾರಿ ಎಡ್ವಿನ್ ಗ್ಲೆನ್ ಅವರಿಂದ. ಆದರೆ ಅದಕ್ಕೂ ಎಷ್ಟೋ ಮೊದಲು ಇಲ್ಲಿ ಕಾಲುದಾರಿಗಳಿದ್ದವು. ಸಮುದ್ರದ ಕಡೆ ಡೆನೈನಾ ಜನ, ಒಳನಾಡಿನಲ್ಲಿ ಆಟ್ನಾ ಜನ. ಇಬ್ಬರೂ ಅಥಬಾಸ್ಕನ್ ಅನ್ನುವ ಒಂದೇ ಕುಟುಂಬದ ಭಾಷೆಗಳನ್ನು ಆಡುವವರು. ತಾಮ್ರ, ತುಪ್ಪಳ ಎಲ್ಲ ಈ ದಾರಿಗಳಲ್ಲೇ ಓಡಾಡುತ್ತಿತ್ತು.

ಮೊದಲ ನಿಲುಗಡೆ ಆ್ಯಂಕರೇಜ್‌ನಿಂದ 26ನೇ ಮೈಲಿಯ ಎಕ್ಲುಟ್ನಾ ಹಳ್ಳಿ. ಕಳೆದ ಸಲ ಇದನ್ನು ನೋಡದೆ ದಾಟಿ ಹೋಗಿದ್ದೆವು. ಡೆನೈನಾ ಮಾತಿನಲ್ಲಿ ಇದು ಇಡ್ಲುಗೆಟ್. ಇಲ್ಲಿ ಸಂತ ನಿಕೋಲಸರ ಹೆಸರಿನ ಹಳೆಯ ಮರದ ದಿಮ್ಮಿಯ ಚರ್ಚ್ ಇದೆ. ರಷ್ಯನ್ ಆರ್ಥೊಡಾಕ್ಸ್ ಪಂಥದ್ದು. 1867ರಲ್ಲಿ ಅಮೆರಿಕಕ್ಕೆ ಮಾರುವವರೆಗೆ ಅಲಾಸ್ಕ ರಷ್ಯಾದ ಕೈಯಲ್ಲೇ ಇತ್ತು. ಚರ್ಚಿನ ಹಿಂದೆ ಸಮಾಧಿಗಳು. ಒಂದೊಂದರ ಮೇಲೂ ಗೊಂಬೆಮನೆಯಷ್ಟು ದೊಡ್ಡ, ಬಣ್ಣ ಬಳಿದ ಮರದ ಮನೆ. ಇವನ್ನು ಆತ್ಮದ ಮನೆ ಅನ್ನುತ್ತಾರೆ. ಹೂಳಿದ ಮೇಲೆ ಸಮಾಧಿಗೆ ಕಂಬಳಿ ಹೊದಿಸಿ, ಆಮೇಲೆ ಮನೆ ಕಟ್ಟುತ್ತಾರೆ. ಬಣ್ಣ ನೋಡಿದರೆ ಯಾವ ಕುಟುಂಬದವರು ಅಂತ ಊರಿನವರಿಗೆ ಗೊತ್ತಾಗುತ್ತದೆ. ಶಿಲುಬೆ ರಷ್ಯಾದಿಂದ ಬಂದದ್ದು, ಮನೆ ಇಲ್ಲಿಯದು.

ಕೆಲವು ಮನೆಗಳ ಹಲಗೆ ಕಳಚಿತ್ತು, ಬಣ್ಣ ಉದುರಿತ್ತು. ಯಾರೂ ನೋಡಿಕೊಳ್ಳುತ್ತಿಲ್ಲವೇನೋ ಅಂತ ಮೊದಲು ಬೇಜಾರಾಯಿತು. ಆಮೇಲೆ ತಿಳಿಯಿತು, ರಿಪೇರಿ ಮಾಡುವುದಿಲ್ಲ. ಅದು ನಿಧಾನವಾಗಿ ಮಣ್ಣಿಗೆ ಸೇರಬೇಕು. ನಮ್ಮೆಜಮಾನರು ಕ್ಯಾಮೆರಾ ತೆಗೆದರು. "ರೀ, ಕೇಳದೆ ಬೇಡ, ಇದು ಅವರ ಮನೆಯವರ ಜಾಗ" ಅಂದೆ. ಕ್ಯಾಮೆರಾ ಚೀಲಕ್ಕೆ ಹೋಯಿತು. ಈಗಲೂ ಅಲ್ಲಿ ಹೂಳುತ್ತಾರೆ. ಹೋಗುವವರು ಸಮಾಧಿಗಳ ನಡುವೆ ಓಡಾಡಬೇಡಿ, ಅಂಚಿನ ದಾರಿಯಲ್ಲೇ ನಡೆಯಿರಿ.

ಅಲ್ಲಿಂದ ಪಾಮರ್. ಅಲಾಸ್ಕ ರಾಜ್ಯದ ವಾರ್ಷಿಕ ಮೇಳ ನಡೆಯುತ್ತಿತ್ತು, ರಸ್ತೆ ತುಂಬ ಗಾಡಿಗಳು. ಮೇಳದ ದಿನಗಳಲ್ಲಿ ಹೋಗುವುದಾದರೆ ಒಂದು ಗಂಟೆ ಜಾಸ್ತಿ ಇಟ್ಟುಕೊಳ್ಳಿ. 1935ರಲ್ಲಿ, ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ, ಅಮೆರಿಕದ ಸರ್ಕಾರ ಮಿನೆಸೋಟ, ವಿಸ್ಕಾನ್ಸಿನ್, ಮಿಶಿಗನ್‌ಗಳಿಂದ 203 ರೈತ ಕುಟುಂಬಗಳನ್ನು ಇಲ್ಲಿಗೆ ತಂದಿತು. ಚೀಟಿ ಎತ್ತಿ ಜಮೀನು ಹಂಚಿದರು. ಮೊದಲು ಗುಡಾರವೇ ಮನೆ. ಬಹಳ ಜನ ತಡೆಯಲಾರದೆ ವಾಪಸ್ ಹೋದರು. ಉಳಿದವರ ಚೌಕಾಕಾರದ ಕೊಟ್ಟಿಗೆಗಳು ಇವತ್ತೂ ನಿಂತಿವೆ. ಬೇಸಿಗೆಯಲ್ಲಿ ದಿನಕ್ಕೆ 19 ಗಂಟೆ ಬೆಳಕು, ಅದಕ್ಕೇ ಇಲ್ಲಿನ ಎಲೆಕೋಸು ಆ ಗಾತ್ರ. 2012ರ ಮೇಳದಲ್ಲಿ ಒಂದು ಕೋಸು ಸುಮಾರು 63 ಕಿಲೊ ತೂಗಿತ್ತು! ಆ ವಲಸೆಯ ಕಥೆ ದಾರಿಯುದ್ದಕ್ಕೂ ಫಲಕಗಳಲ್ಲಿ ಸಿಗುತ್ತದೆ. ಅದೇ ನೆಲ ಮೊದಲು ಡೆನೈನಾ ಜನರದು ಅನ್ನುವುದನ್ನು ನಾವೇ ಹುಡುಕಿ ಓದಬೇಕಾಯಿತು. ಇದು ನನಗೆ ಸರಿ ಕಾಣಲಿಲ್ಲ.

ಪಾಮರ್‌ನಲ್ಲೇ ಟ್ಯಾಂಕ್ ತುಂಬಿಸಿಕೊಳ್ಳಿ. ಮುಂದೆ ಬಂಕ್ ಬಹಳ ಕಡಿಮೆ, ಫೋನಿಗೆ ಸಿಗ್ನಲ್ಲೂ ಎಲ್ಲ ಕಡೆ ಇಲ್ಲ. ಸಟನ್ ದಾಟಿದ ಮೇಲೆ ರಸ್ತೆ ಮಟನುಸ್ಕ ಹೊಳೆಯ ಮೇಲೆ ಅಂಚಿಗೆ ಅಂಟಿಕೊಂಡು ತಿರುಗುತ್ತದೆ. ಬಲಕ್ಕೆ ಚುಗಾಚ್ ಬೆಟ್ಟಗಳು, ಎಡಕ್ಕೆ ಟಾಲ್ಕೀಟ್ನಾ. 101ನೇ ಮೈಲಿಯಲ್ಲಿ ಹಿಮನದಿ. 43 ಕಿ.ಮೀ. ಉದ್ದ. ಹತ್ತಿರ ಹೋಗುವ ದಾರಿ ಖಾಸಗಿ ಜಮೀನಿನಲ್ಲಿದೆ, ದುಡ್ಡು ಕೊಟ್ಟು ಗೈಡ್ ಜೊತೆ ಹೋಗಬೇಕು. ನಾವು ಈ ಸಲ ಮೇಲಿನಿಂದಲೇ ನೋಡಿದೆವು. ಬಿಳಿ ಅಂದುಕೊಂಡಿದ್ದ ಮಂಜು ಸೀಳಿದ ಕಡೆಯೆಲ್ಲ ನೀಲಿ. ರಾತ್ರಿ ಆ ಕಡೆಯೇ ಒಂದು ಲಾಡ್ಜಿನಲ್ಲಿ ಉಳಿದೆವು.

ಮರುದಿನ ಯುರೇಕಾ ಸಮಿಟ್. ಈ ಹೈವೇಯ ಅತಿ ಎತ್ತರದ ಜಾಗ, 3,322 ಅಡಿ. ಮರಗಳೇ ಇಲ್ಲ. ನೆಲಕ್ಕಂಟಿದ ಕುರುಚಲು ಗಿಡಗಳೆಲ್ಲ ಕೆಂಪಾಗಿದ್ದವು, ಕುಂಕುಮ ಚೆಲ್ಲಿದ ಹಾಗೆ. ತುದಿಗಳಲ್ಲಿ ಹೊಸ ಹಿಮ. ಅದನ್ನು ಅಲ್ಲಿನವರು ಟರ್ಮಿನೇಷನ್ ಡಸ್ಟ್ ಅನ್ನುತ್ತಾರೆ, ಬೇಸಿಗೆಯ ಕೆಲಸ ಮುಗಿಯಿತು ಅಂತ. ಅಲ್ಲಿಂದ ಮುಂದೆ ನೆಲದಡಿಯ ಮಂಜುಗಡ್ಡೆಯಿಂದ ರಸ್ತೆ ಅಲೆ ಅಲೆಯಾಗಿ ಉಬ್ಬಿರುತ್ತದೆ. ವೇಗ ಇಳಿಸಲೇಬೇಕು.

ಆಟ್ನಾ ಜನರ ನಾಡು ನನಗೆ ಪೂರ್ತಿ ತೆರೆದುಕೊಂಡದ್ದು ಇಲ್ಲಿ. ಅವರ ಭಾಷೆಯಲ್ಲಿ ಕಾಪರ್ ನದಿಯ ಹೆಸರು ಆಟ್ನಾ. ಜನರ ಹೆಸರೂ ಅದರಿಂದಲೇ. ದಿಕ್ಕು ಹೇಳುವಾಗ ಉತ್ತರ, ದಕ್ಷಿಣ ಅನ್ನುವುದಿಲ್ಲ. ಹೊಳೆಯ ಮೇಲ್ಗಡೆ, ಹೊಳೆಯ ಕೆಳಗಡೆ ಅನ್ನುತ್ತಾರೆ. ಎದುರಿಗಿದ್ದ ರಾಂಗಲ್ ಅಗ್ನಿಪರ್ವತ ಅವರಿಗೆ ಕೆಲ್‌ಟ್ಯಾನಿ, ಹವಾಮಾನವನ್ನು ಆಳುವವನು. ಪಕ್ಕದ ಡ್ರಮ್ ಬೆಟ್ಟ ಕೆಳಹೊಳೆಯ ಕೆಲ್‌ಟ್ಯಾನಿ, ಸ್ಯಾನ್‌ಫರ್ಡ್ ಬೆಟ್ಟ ಮೇಲ್ಹೊಳೆಯ ಕೆಲ್‌ಟ್ಯಾನಿ. ಮೂರು ಬೇರೆ ಬೇರೆ ಇಂಗ್ಲಿಷ್ ಹೆಸರುಗಳ ಬದಲು ಒಂದೇ ಮನೆಯವರ ಹಾಗೆ ಮೂರು ಹೆಸರು. ಹೆಸರು ಗೊತ್ತಿದ್ದರೆ ಹೊಳೆ ಎತ್ತ ಹರಿಯುತ್ತದೆ ಅನ್ನುವುದೂ ಗೊತ್ತಾಗುತ್ತದೆ ಅಲ್ವಾ!

ಗ್ಲೆನ್ನಾಲನ್‌ನಿಂದ ದಕ್ಷಿಣಕ್ಕೆ ಕಾಪರ್ ಸೆಂಟರ್‌ಗೆ ಹೋದೆವು. ರಾಂಗಲ್-ಸೇಂಟ್ ಇಲಾಯಸ್ ನ್ಯಾಷನಲ್ ಪಾರ್ಕಿನ ಕೇಂದ್ರದ ಪಕ್ಕದಲ್ಲೇ ಆಟ್ನಾ ಜನರ ಸಾಂಸ್ಕೃತಿಕ ಕೇಂದ್ರ ಇದೆ. ಅಲ್ಲಿ ಮೀನು ಹಿಡಿಯುವ ಚಕ್ರ ನೋಡಿದೆ. ಹೊಳೆಯ ಸೆಳೆತಕ್ಕೆ ತಾನೇ ತಿರುಗುತ್ತಾ ಬುಟ್ಟಿಯಲ್ಲಿ ಸಾಲ್ಮನ್ ಎತ್ತಿ ಪೆಟ್ಟಿಗೆಗೆ ಸುರಿಯುತ್ತದೆ. ಅದು ಇಲ್ಲಿಗೆ ಬಂದದ್ದು 20ನೇ ಶತಮಾನದ ಶುರುವಿನಲ್ಲಿ. ಅದಕ್ಕೂ ಮೊದಲು ಉದ್ದ ಹಿಡಿಯ ಬಲೆ.

ಆ ಮೀನಿನ ಹಕ್ಕಿಗಾಗಿ ಹೋರಾಡಿದವರು ಆಟ್ನಾ ಹಿರಿಯಜ್ಜಿ ಕೇಟಿ ಜಾನ್. ಅವರ ಕುಟುಂಬ ಮೊದಲಿನಿಂದ ಮೀನು ಹಿಡಿಯುತ್ತಿದ್ದ ಬಟ್ಜುಲ್ನೆಟಾಸ್‌ನಲ್ಲಿ ಸರ್ಕಾರ ಅದನ್ನು ನಿಲ್ಲಿಸಿತ್ತು. 1985ರಲ್ಲಿ ಅಜ್ಜಿ ಕೋರ್ಟಿಗೆ ಹೋದರು. ಕೇಸು ವರ್ಷಗಟ್ಟಲೆ ನಡೆದು, ತೀರ್ಪು ಅಜ್ಜಿಯ ಪರ ಬಂತು. 2001ರಲ್ಲಿ ಆಗಿನ ಅಲಾಸ್ಕ ಗವರ್ನರ್ ಟೋನಿ ನೋಲ್ಸ್ ತಾವೇ ಅಜ್ಜಿಯನ್ನು ಹೋಗಿ ಕಂಡು ಬಂದು, ರಾಜ್ಯ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹೋಗುವುದಿಲ್ಲ ಎಂದರು. ಅಜ್ಜಿ 2013ರಲ್ಲಿ ತೀರಿಕೊಂಡರು. ಆಟ್ನಾ ಭಾಷೆಗೆ ಲಿಪಿ ಕೂಡಿಸುವ ಕೆಲಸದಲ್ಲೂ ಅವರ ಕೈ ಇತ್ತು. ನನ್ನ ನೋಟ್‌ಬುಕ್ಕಿನ ಹೆಸರುಗಳನ್ನು ನಾನು ಓದಲು ಆದದ್ದು ಅಂಥವರಿಂದ.

ಎರಡು ದಿನ ಕೆಲ್‌ಟ್ಯಾನಿ ಮೋಡದಲ್ಲೇ ಇದ್ದ. ಮೂರನೇ ದಿನ ಬೆಳಿಗ್ಗೆ ವಾಪಸ್ ಹೊರಡುವಾಗ ಮೋಡ ಸರಿಯಿತು. ಅಗಲವಾದ ಬಿಳಿ ಗುಮ್ಮಟ, ತುದಿಯಲ್ಲಿ ತೆಳ್ಳಗೆ ಹಬೆ. ಹಬೆಯಾಡುವಾಗ ಆಟ್ನಾ ಜನ ಅದನ್ನು ಕರೆಯುವುದೇ ಬೇರೆ, ಉಕೆಲೆದಿ, ಮೈಮೇಲೆ ಹೊಗೆ ಇರುವವನು. ಗಾಡಿ ಪಕ್ಕಕ್ಕೆ ಹಾಕಿಸಿದೆ. ಇಬ್ಬರೂ ಆ ಹೆಸರನ್ನು ಜೋರಾಗಿ ಒಂದು ಸಲ ಹೇಳಿದೆವು, ಮತ್ತೆ ಆ್ಯಂಕರೇಜ್ ಕಡೆ ತಿರುಗಿದೆವು.