‘ಎರಡನೇ ಲೈನ್ ಎಲ್ಲಿಂದ ಬರುತ್ತೆ?’

ಸ್ಥಳೀಯ ಆರ್ಥಿಕ ಅಭಿವೃದ್ಧಿ ಕಚೇರಿಯಲ್ಲಿ ಅದು ನನ್ನ ಎರಡನೇ ವರ್ಷ. ಕಾರ್ಖಾನೆಗೆ ಜಾಗ ಹುಡುಕುತ್ತಿದ್ದ ತಂಡವೊಂದು ನಮ್ಮ ಕೈಗಾರಿಕಾ ಪ್ರದೇಶ ನೋಡಲು ಬಂದಿತ್ತು. ರಾಜ್ಯ ಸರ್ಕಾರ ಕೊಡುವ ತೆರಿಗೆ ರಿಯಾಯಿತಿಗಳ ಪಟ್ಟಿಯನ್ನು ಅಚ್ಚುಕಟ್ಟಾಗಿ ಮುದ್ರಿಸಿ ಕೈಯಲ್ಲಿ ಹಿಡಿದು ನಿಂತಿದ್ದೆ. ತಂಡದ ಹಿರಿಯರು ಅದನ್ನು ಬಿಚ್ಚಲೂ ಇಲ್ಲ. ದೂರದ ವಿದ್ಯುತ್ ಕಂಬಗಳ ಕಡೆ ಬೊಟ್ಟು ಮಾಡಿ, "ಆ ಲೈನ್ ಕೈಕೊಟ್ಟರೆ ಎರಡನೇ ಲೈನ್ ಎಲ್ಲಿಂದ ಬರುತ್ತೆ?" ಅಂದರು.

"ವಿಚಾರಿಸಿ ಹೇಳ್ತೀನಿ ಸರ್" ಅಂದೆ. ಮಣ್ಣಿನ ಪರೀಕ್ಷೆ ಆಗಿದೆಯಾ ಅಂತ ಕೇಳಿದಾಗಲೂ ಅದನ್ನೇ ಹೇಳಿದೆ. ದಿನಕ್ಕೆ ಎಷ್ಟು ಕೊಳಚೆ ನೀರು ಶುದ್ಧೀಕರಣ ಘಟಕಕ್ಕೆ ಬಿಡಬಹುದು ಅಂದಾಗಲೂ ಅದೇ ಉತ್ತರ. ನಾಲ್ಕನೇ ದಿನ ಮೇಲ್ ಬಂತು, ಬೇರೆ ಜಾಗ ನೋಡಿಕೊಂಡಿದ್ದೇವೆ ಅಂತ.

ಜಾಗ ಆರಿಸುವವರ ಕೆಲಸದ ಬಗೆ ನನಗೆ ಅರ್ಥವಾದದ್ದು ಆಮೇಲೆ. ಮೊದಲು ಹತ್ತಾರು ಜಾಗಗಳ ಪಟ್ಟಿ ಮಾಡುತ್ತಾರೆ, ಆಮೇಲೆ ಒಂದೊಂದನ್ನೇ ಹೊಡೆದುಹಾಕುತ್ತಾ ಹೋಗುತ್ತಾರೆ. ಉತ್ತರ ಸಿಗದ ಜಾಗಕ್ಕೆ ಕಾಯುವುದಿಲ್ಲ, ತೆಗೆದುಬಿಡುತ್ತಾರೆ. ರಿಯಾಯಿತಿಯ ಮಾತು ಬರುವುದು ಕೊನೆಗೆ ಎರಡು ಮೂರು ಜಾಗ ಉಳಿದಾಗ. ನಾವೋ, ಮೊದಲ ದಿನವೇ ಅದನ್ನು ಮುಂದಿಟ್ಟುಕೊಂಡು ನಿಂತಿದ್ದೆವು.

ರಾಜ್ಯದ ಇಲಾಖೆಯಲ್ಲಿ ಜಾಗ ಸಜ್ಜುಗೊಳಿಸುವುದಕ್ಕೆಂದೇ ಒಂದು ಅನುದಾನ ಇತ್ತು. ಅರ್ಧ ಹಣ ರಾಜ್ಯದ್ದು, ಅರ್ಧ ಸ್ಥಳೀಯ ಸಂಸ್ಥೆಯದ್ದು. ಕೇಳುವವರು ಕಡಿಮೆ, ಯಾಕೆಂದರೆ ಮಣ್ಣು ಪರೀಕ್ಷೆಗೆ ಉದ್ಘಾಟನಾ ಸಮಾರಂಭ ಇರುವುದಿಲ್ಲ. ನಮ್ಮ ಸದಸ್ಯರೂ "ಕಂಪನಿಯೇ ಬಂದಿಲ್ಲ, ಈಗಲೇ ಯಾಕೆ ಖರ್ಚು?" ಎಂದು ಎರಡು ಸಭೆ ಮುಂದೂಡಿದರು. ಮೂರನೇ ಸಭೆಗೆ ನಾನು ಆ ಮೇಲ್ ತೆಗೆದುಕೊಂಡು ಹೋಗಿ ಓದಿದೆ. ಒಪ್ಪಿಗೆ ಸಿಕ್ಕಿತು.

ಕೊಳವೆ ಇಳಿಸಿ ಮಣ್ಣು ತೆಗೆದಾಗ ಈಶಾನ್ಯ ಮೂಲೆಯಲ್ಲಿ ನಾಲ್ಕು ಮೀಟರ್ ಕೆಳಗೆ ಮೆತ್ತನೆಯ ಜೇಡಿ ಸಿಕ್ಕಿತು. ಭಾರದ ಯಂತ್ರ ಕೂರಿಸಿದ್ದರೆ ನೆಲ ಕುಸಿಯುತ್ತಿತ್ತು. ನಕ್ಷೆ ಬದಲಿಸಿ, ಆ ಮೂಲೆಯನ್ನು ಮಳೆನೀರಿನ ಹೊಂಡಕ್ಕೂ ವಾಹನ ನಿಲುಗಡೆಗೂ ಬಿಟ್ಟೆವು. ಅದಕ್ಕಿಂತ ಕಷ್ಟವಾದದ್ದು ಮುಖ್ಯರಸ್ತೆಯಿಂದ ಒಳಗೆ ಬರುವ ಒಂದು ತುಂಡು ದಾರಿ. ದಾಖಲೆಯಲ್ಲಿ ಅದು ತೀರಿಹೋದ ಒಬ್ಬರ ಹೆಸರಲ್ಲೇ ಇತ್ತು, ಐವರು ವಾರಸುದಾರರು, ಇಬ್ಬರು ಬೇರೆ ಬೇರೆ ದೇಶದಲ್ಲಿ. ಅವರೆಲ್ಲರ ಸಹಿ ಆಗಿ ನೋಂದಣಿ ಮುಗಿಯುವುದಕ್ಕೆ ಹನ್ನೊಂದು ತಿಂಗಳು ಹಿಡಿಯಿತು. ಕಂಪನಿ ಬಂದ ಮೇಲೆ ಈ ಕೆಲಸ ಶುರು ಮಾಡಿದ್ದರೆ ಯಾವ ಕಂಪನಿ ಕಾಯುತ್ತಿತ್ತು? ವಿದ್ಯುತ್ ಸಂಸ್ಥೆಯಿಂದ ಬಾಯಿಮಾತಿನ ಭರವಸೆ ಬೇಡ ಎಂದು ಹಟ ಹಿಡಿದು ಪತ್ರ ತಂದೆ: ಎಷ್ಟು ಮೆಗಾವಾಟ್, ಯಾವ ಎರಡು ಸಬ್‌ಸ್ಟೇಷನ್‌ಗಳಿಂದ, ಅರ್ಜಿ ಕೊಟ್ಟ ಎಷ್ಟು ತಿಂಗಳಿಗೆ. ಕೆಳಗೆ ಸಹಿ, ಮೊಹರು.

ಇಷ್ಟೆಲ್ಲ ಒಂದು ಫೈಲ್‌ಗೆ ಸೇರಿದ ಮೇಲೆ ಬಂದ ಇನ್ನೊಂದು ಕಂಪನಿ ಎಂಟು ತಿಂಗಳಲ್ಲಿ ಒಪ್ಪಂದಕ್ಕೆ ಕುಳಿತಿತು. ರಿಯಾಯಿತಿ ಅವರೂ ಕೇಳಿದರು, ರಾಜ್ಯ ಕೊಡುವುದಕ್ಕೂ ಸಿದ್ಧವಿತ್ತು. ಆದರೆ ಅದನ್ನು ಮುಂಗಡ ನಗದಾಗಿ ಕೊಡಬಾರದು ಎಂಬ ನನ್ನ ಅಭಿಪ್ರಾಯ ಗಟ್ಟಿಯಾಗುವುದಕ್ಕೆ ಎರಡು ಕಾರಣಗಳಿವೆ. ಅಮೆರಿಕದ ಅರ್ಥಶಾಸ್ತ್ರಜ್ಞ ಟಿಮೊತಿ ಬಾರ್ಟಿಕ್ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಒಂದು ಅಂದಾಜು ಕೊಟ್ಟರು. ರಿಯಾಯಿತಿ ಪಡೆದ ಕಂಪನಿಗಳಲ್ಲಿ, ಅದು ಇಲ್ಲದಿದ್ದರೆ ಆ ಜಾಗಕ್ಕೆ ಬರುತ್ತಲೇ ಇರಲಿಲ್ಲ ಎನ್ನಬಹುದಾದವು ಶೇ. 2ರಿಂದ 25ರಷ್ಟು ಮಾತ್ರ. ಉಳಿದವು ಹೇಗಿದ್ದರೂ ಬರುತ್ತಿದ್ದವು. ಇನ್ನೊಂದು ಕಾರಣ ಅಮೆರಿಕದ್ದೇ ವಿಸ್ಕಾನ್ಸಿನ್ ರಾಜ್ಯದ ಅನುಭವ. ತೈವಾನಿನ ಎಲೆಕ್ಟ್ರಾನಿಕ್ಸ್ ಕಂಪನಿ ಫಾಕ್ಸ್‌ಕಾನ್ 13,000 ಉದ್ಯೋಗ ಕೊಡುತ್ತದೆಂದು 2017ರಲ್ಲಿ ಅಲ್ಲಿನ ಸರ್ಕಾರ ಸುಮಾರು 300 ಕೋಟಿ ಡಾಲರ್ ನೆರವಿಗೆ ಒಪ್ಪಿತ್ತು. ಯೋಜನೆ ಕುಗ್ಗುತ್ತಾ ಬಂದು, 2021ರ ಹೊಸ ಒಪ್ಪಂದದಲ್ಲಿ ಉದ್ಯೋಗ 1,454ಕ್ಕೆ, ತೆರಿಗೆ ನೆರವು ಹೆಚ್ಚೆಂದರೆ 8 ಕೋಟಿ ಡಾಲರಿಗೆ ಇಳಿಯಿತು. ಕೆಲಸ ತೋರಿಸಿದಷ್ಟೇ ನೆರವು ಎಂಬ ಷರತ್ತು ಮೊದಲ ಒಪ್ಪಂದದಲ್ಲೇ ಇದ್ದದ್ದರಿಂದ ರಾಜ್ಯದ ಬಹುಪಾಲು ಹಣ ಉಳಿಯಿತು. ಆದರೆ ರಸ್ತೆ, ನೀರು, ಭೂಮಿಗೆಂದು ಸ್ಥಳೀಯ ಆಡಳಿತ ಮುಂಚೆಯೇ ಸುರಿದ ಹಣಕ್ಕೆ ಆ ಷರತ್ತಿನ ಆಸರೆ ಇರಲಿಲ್ಲ.

ಹಾಗಾಗಿ ನಮ್ಮ ಒಪ್ಪಂದದಲ್ಲಿ ಮುಂಗಡ ನಗದು ಇಡಲಿಲ್ಲ. ಕೆಲಸಕ್ಕೆ ಸೇರಿದವರ ವೇತನ ಪಟ್ಟಿಯನ್ನು ಹೊರಗಿನ ಲೆಕ್ಕಪರಿಶೋಧಕರು ನೋಡಿದ ಮೇಲೆ, ವರ್ಷಕ್ಕೊಮ್ಮೆ ನೆರವು. ತಲೆ ಎಣಿಕೆ ಮಾತ್ರ ಸಾಲದು, ಕನಿಷ್ಠ ಸರಾಸರಿ ವೇತನವೂ ಬೇಕು. ಐದು ವರ್ಷದೊಳಗೆ ಬಾಗಿಲು ಹಾಕಿದರೆ ಪಡೆದದ್ದನ್ನು ವಾಪಸ್ ಕೊಡಬೇಕು. ಈ ಕೊನೆಯ ಷರತ್ತಿಗೆ ಅವರ ವಕೀಲರು ಸುತರಾಂ ಒಪ್ಪಲಿಲ್ಲ. ಕಡೆಗೆ, ಎಷ್ಟು ಕೊರತೆಯೋ ಅಷ್ಟೇ ಪ್ರಮಾಣದಲ್ಲಿ ವಾಪಸ್ ಎಂದು ಬರೆದೆವು. ಇದು ನ್ಯಾಯವಾದದ್ದು ಎಂದೇ ಈಗಲೂ ನನಗನ್ನಿಸುತ್ತದೆ.

ನಗದಿನ ಬದಲು ನಾವು ಧಾರಾಳವಾಗಿ ಕೊಟ್ಟದ್ದು ತರಬೇತಿ. ಅಮೆರಿಕದ ಜಾರ್ಜಿಯಾ ರಾಜ್ಯ 1967ರಿಂದ ಕ್ವಿಕ್ ಸ್ಟಾರ್ಟ್ ಎಂಬ ಕಾರ್ಯಕ್ರಮ ನಡೆಸುತ್ತಾ ಬಂದಿದೆ. ಹೊಸ ಕಾರ್ಖಾನೆಗೆ ಬೇಕಾದ ಕೆಲಸಗಾರರನ್ನು ಸರ್ಕಾರವೇ ಉಚಿತವಾಗಿ ತಯಾರು ಮಾಡಿಕೊಡುತ್ತದೆ. ಅದನ್ನು ಓದಿಕೊಂಡು, ನಮ್ಮ ತಾಂತ್ರಿಕ ತರಬೇತಿ ಕೇಂದ್ರದಲ್ಲಿ ಕಂಪನಿ ಬಳಸುವ ಯಂತ್ರವನ್ನೇ ತಂದಿಡಲು ರಾಜ್ಯವನ್ನು ಒಪ್ಪಿಸಿದೆ. ಕಂಪನಿ ನಾಳೆ ಎದ್ದು ಹೋದರೂ ಕಲಿತ ಕೈ ಇಲ್ಲೇ ಇರುತ್ತದೆ.

ಇಷ್ಟರ ನಡುವೆ ಒಂದು ಸುದ್ದಿ ಕಿವಿಗೆ ಬಿತ್ತು. ಸ್ಪ್ರಿಂಗ್ ತಯಾರಿಸುವ ಹಳೆಯ ಘಟಕವೊಂದು ಊರು ಬಿಡುತ್ತಿದೆಯಂತೆ. ಮೂವತ್ತೈದು ಜನರ ಕೆಲಸ. ಓಡಿದೆ. ಮಾಲೀಕರು ನನ್ನನ್ನು ಗೇಟಿನ ಬಳಿ ಕರೆದುಕೊಂಡು ಹೋಗಿ ಕಾಂಪೌಂಡ್ ಗೋಡೆ ತೋರಿಸಿದರು. ಒಂದು ಮೂಲೆಯಲ್ಲಿ ಗಾರೆ ಕಿತ್ತು ಇಟ್ಟಿಗೆ ಕಾಣುತ್ತಿತ್ತು, ಅದರ ಮೇಲೆ ಲಾರಿಗಳ ಬಣ್ಣ ಗೀರುಗೀರಾಗಿ ಹತ್ತಿತ್ತು. "ಈಗಿನ ಉದ್ದದ ಲಾರಿ ಈ ತಿರುವಿನಲ್ಲಿ ತಿರುಗಲ್ಲ ಸರ್. ಮಾಲು ಮುಖ್ಯರಸ್ತೆಯಲ್ಲೇ ಇಳಿಸಿ ಸಣ್ಣ ಗಾಡಿಗೆ ತುಂಬಬೇಕು, ದಿನಾ" ಅಂದರು. ಸ್ವಲ್ಪ ತಡೆದು, "ಹತ್ತೊಂಬತ್ತು ವರ್ಷದಲ್ಲಿ ನಿಮ್ಮ ಕಚೇರಿಯಿಂದ ಯಾರಾದರೂ ಬಂದದ್ದು ಇದೇ ಮೊದಲು" ಎಂದರು.

ನನಗೆ ತಲೆ ಎತ್ತಲಾಗಲಿಲ್ಲ. ರಸ್ತೆ ಮೂಲೆ ಅಗಲ ಮಾಡಲು ಎರಡೂವರೆ ತಿಂಗಳು ಸಾಕಾಯಿತು. ಘಟಕ ಉಳಿಯಿತು.

ಆಗಿನಿಂದ ಮಂಗಳವಾರ ಬೆಳಿಗ್ಗೆ ನನ್ನ ಕೆಲಸ ಹೊರಗೆ. ಈಗಾಗಲೇ ಇರುವ ಘಟಕಗಳಿಗೆ ವಾರಕ್ಕೆ ಎರಡರಂತೆ ಹೋಗುತ್ತೇನೆ. ಕೇಳುವುದು ಇಷ್ಟೇ: ಈಗಿನ ಜಾಗದ ಗುತ್ತಿಗೆ ಎಂದಿಗೆ ಮುಗಿಯುತ್ತೆ, ಕೆಲಸಗಾರರು ಸಿಗದ ಹುದ್ದೆ ಯಾವುದು, ಕರೆಂಟ್ ತಿಂಗಳಿಗೆ ಎಷ್ಟು ಸಲ ಹೋಗುತ್ತೆ, ನಿಮ್ಮ ದೊಡ್ಡ ಗಿರಾಕಿ ಕೈಬಿಟ್ಟರೆ ಮುಂದೇನು. ಗುತ್ತಿಗೆ ಮುಗಿಯುತ್ತಿದೆ ಅಂದವರ ಹತ್ತಿರ ಮುಂದಿನ ತಿಂಗಳೇ ಮತ್ತೆ ಹೋಗುತ್ತೇನೆ.

ಒಂದು ತೊಡಕು ಉಳಿದಿದೆ. ಹೊಸದಾಗಿ ಬರುವ ಕಂಪನಿಗೆ ರಸ್ತೆ ಮಾಡಿಸಲು ರಾಜ್ಯದಲ್ಲಿ ಯೋಜನೆ ಇದೆ, ಇರುವ ಘಟಕದ ಗೇಟಿನ ಮುಂದಿನ ತಿರುವು ಸರಿಮಾಡಲು ಹಣ ತೆಗೆಯುವ ಲೆಕ್ಕಶೀರ್ಷಿಕೆಯೇ ಬಜೆಟ್‌ನಲ್ಲಿ ಇಲ್ಲ. ಸ್ಪ್ರಿಂಗ್ ಘಟಕದ ಕೆಲಸವನ್ನು ರಸ್ತೆ ನಿರ್ವಹಣೆಯ ಹಣದಲ್ಲಿ ಮಾಡಿಸಬೇಕಾಯಿತು. ಇಂಥ ಸಣ್ಣ ಕಾಮಗಾರಿಗಳಿಗೆ ಜಾಗ ಸಜ್ಜುಗೊಳಿಸುವ ಆ ಅನುದಾನದಲ್ಲೇ ಒಂದು ಪಾಲು ಮೀಸಲಿಡಿ ಎಂದು ಇಲಾಖೆಗೆ ಬರೆದಿದ್ದೇನೆ. ಜೊತೆಗೆ ಹದಿನೇಳು ಘಟಕಗಳ ಪಟ್ಟಿ, ಒಂದೊಂದರ ಗೇಟಿನ ಫೋಟೊ, ಅಂದಾಜು ವೆಚ್ಚ ಇಟ್ಟಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಪ್ರತಿ ತಿಂಗಳ ಮೊದಲ ವಾರ ಫೋನ್ ಮಾಡಿ ಕೇಳುತ್ತಿದ್ದೇನೆ.